ಆಯಿ ಮಾಡಿಕೊಟ್ಟ ರಾಜಾಸಾರಸ್

ಆಗೆಲ್ಲ ದಾಂಡೇಲಿಯ ನಮ್ಮ ಕ್ವಾರ್ಟರ್ಸಿನ ಕಡೆಗೆ ಗಾಳಿ ತಿರುಗಿದರೆ ಊಟದ ತಾಟಿನವರೆಗೂ ಕಾಗದದ ಮಿಲ್ಲಿನ ವಾಸನೆ ಬರುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನಾನು ಏಳನೆಯ ಇಯತ್ತೆಯಲ್ಲಿದ್ದ ಚಳಿಗಾಲದಲ್ಲಿ ಅಪ್ಪ ಹಳಿಯಾಳದ ಹತ್ತಿರದ ತೇರಗಾಂವದಿಂದ ತನ್ನ ತಾಯಿಯನ್ನು, ನಮ್ಮ ಆಯಿಯನ್ನು, ಕರೆತಂದ. ಲಕ್ವಾ ಹೊಡೆದು ಆಯಿಯ ಬಲಗೈ ಬಿದ್ದುಹೋಗಿತ್ತು. ಇಡೀ ದಿನ ಪಡಸಾಲೆಯ ಗೋಡೆಗೆ ಒರಗಿ, ಆ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಕೂರುತ್ತಿದ್ದಳು. ಮಾತನಾಡಿಸಿದರೆ, “ನಂದೇನೈತಿ ಇನ್ನ,” ಎನ್ನುತ್ತಿದ್ದಳು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನನ್ನ ಪಾಲಿಗೆ ಬಂದದ್ದು ರಾಜಾಸಾರಸ್. ನರ್ಮದೆಯ ಸೀಮೆಯಲ್ಲಿ ಎಲುಬು ಸಿಕ್ಕ, ಹಣೆಯ ಮೇಲೆ ಮೊಂಡು ಕೋಡಿದ್ದ, ಮಾಂಸ ತಿನ್ನುವ ಡೈನೋಸಾರ್. ತಂತಿ ಬಾಗಿಸಿ, ಹಳೆಯ ಪೇಪರು ನೆನೆಸಿ ಮೆತ್ತಿದೆ. ಒಣಗಿದ್ದೇ ತಡ, ಬಿರಿದು ತಲೆ ಕಳಚಿ ಬಿತ್ತು. ನಾನು ಅಳತೊಡಗಿದೆ.

“ಅಳಬ್ಯಾಡ. ಮೆಂತ್ಯ ನೆನಿಹಾಕು,” ಎಂದಳು ಆಯಿ. “ಅರದು ಪೇಪರಿಗೆ ಕೂಡಿಸಬೇಕು. ನಾವು ಕಾಳು ತುಂಬೂ ಬುಟ್ಟಿ ಮಾಡೂದು ಹಂಗ.”

ಮರುದಿನ ಹಿಟ್ಟು ನಾದುವ ಪರಾತ ಮುಂದಿಟ್ಟುಕೊಂಡು ಎಡಗೈಯಿಂದಲೇ ಪೇಪರಿನ ಮುದ್ದೆ ನಾದಿದಳು. ಮೆಂತ್ಯದ ಕಹಿ ವಾಸನೆ ಮನೆಯಿಡೀ ಹರಡಿತು.

“ಇದು ಏನ ತಿಂತಿತ್ತ?”

“ಮಾಂಸ, ಆಯಿ.”

“ಲಿಂಗ ಕಟ್ಟಿದಾಕಿ ಕೈಲೆ ಎಂಥಾದ್ದ ಮಾಡಸ್ತಿ ನೀ!” ಎಂದು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಆಯಿ ನಕ್ಕದ್ದು ಅದೇ ಮೊದಲು.

ಹಲ್ಲಿಗೆಂದು ಕುಂಬಳಬೀಜ ಸಿಗಿಸುವಾಗ ದವಡೆ ಅಲುಗಾಡುತ್ತಿತ್ತು. ಆಯಿ ಸೆರಗಿನಡಿಯಿಂದ ಬಲಗೈ ತೆಗೆದು ಅದನ್ನು ಒತ್ತಿ ಹಿಡಿದಳು. ಬೆರಳು ನಡುಗುತ್ತಿದ್ದವು, ಆದರೂ ಬಿಡಲಿಲ್ಲ. ಒಳಗಿನಿಂದ ಬಂದ ಅವ್ವ ಬಾಗಿಲಲ್ಲೇ ನಿಂತಳು.

“ಅತ್ತಿ, ಕೈ…”

“ಸುಮ್ಮನಿರ. ಹಲ್ಲ ಬೀಳ್ತಾವ,” ಎಂದಳು ಆಯಿ.

ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಆಯಿ ಮಾತ್ರ ಅಂದಿನಿಂದ ದಿನವೂ ಏನಾದರೊಂದು ನಾದುತ್ತ ಕೂತಳು. ಯುಗಾದಿಯ ಹೊತ್ತಿಗೆ ಎರಡೂ ಕೈಯಿಂದ ರೊಟ್ಟಿ ಬಡಿದಳು. ಹಬ್ಬ ಮುಗಿಯುತ್ತಲೇ ಗಂಟು ಕಟ್ಟಿದಳು.

“ಕೈ ಬಂತಲ್ಲ, ನನ್ನ ಮನಿಗೆ ನಾ ಹೊಕ್ಕೇನಿ.”

ಹಳಿಯಾಳದ ಬಸ್ಸು ಹತ್ತಿಸಿ ಬಂದು ನಾನು ತುಂಬ ಅತ್ತೆ. ಕೈ ಬರಲಿ ಎಂದು ದಿನವೂ ದೇವರಲ್ಲಿ ಬೇಡಿಕೊಂಡವಳೂ ನಾನೇ.

ಆಮೇಲೆ ಅನೇಕ ವರ್ಷ ಆಯಿ ಇದ್ದಳು. ನಾವು ಹಬ್ಬಕ್ಕೆ ಹೋಗಿ ಬರುತ್ತಿದ್ದೆವು, ಅಷ್ಟೇ. ಈಗ ತೇರಗಾಂವದಲ್ಲಿ ಕಾಳು ತುಂಬಿಡಲು ಪ್ಲಾಸ್ಟಿಕ್ ಡಬ್ಬಿಗಳಿವೆ. ನನ್ನ ಮಗನ ಬಳಿ ಗುಂಡಿ ಒತ್ತಿದರೆ ಗರ್ಜಿಸುವ ಡೈನೋಸಾರ್ ಇದೆ. ನನ್ನ ಅವ್ವನೊಡನೆ ಅವನ ಮಾತು ಹೆಚ್ಚಾಗಿ ಫೋನಿನಲ್ಲೇ. ಅಜ್ಜಿ, ಮೊಮ್ಮಗ ಇಬ್ಬರೂ ಒಟ್ಟಿಗೆ ಕೂತು ಕೈ ಹೊಲಸು ಮಾಡಿಕೊಂಡದ್ದನ್ನು ನಾನು ಇನ್ನೂ ನೋಡಿಲ್ಲ.