ಕರೆಯದೆ ಬಿಟ್ಟ ಮನೆ

ಆ ಕಾಲಕ್ಕೆ ದಬ್ಬೇಘಟ್ಟದ ಕಡೆಯ ನಮ್ಮೂರಲ್ಲಿ ಯಾರೂ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುತ್ತಿರಲಿಲ್ಲ. ಮನೆಯ ಹೆಣ್ಣುಮಗಳು ಬಾಗಿಲು ಬಾಗಿಲಿಗೆ ಹೋಗಿ "ನಮ್ಮನೇಲಿ ತೊಟ್ಲು ಶಾಸ್ತ್ರ, ಬರ್ಬೇಕಂತೆ" ಅಂದರೆ ಮುಗಿಯಿತು. ಕರೆಸಿಕೊಂಡವರು ಮುಯ್ಯಿ ತರುತ್ತಿದ್ದರು, ಏನಿಲ್ಲದವರೂ ಒಂದು ಗಿಟುಕು ಕೊಬ್ಬರಿಯನ್ನಾದರೂ.

ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕುವಾಗ ನನಗೆ ಒಂಬತ್ತು ವರ್ಷ. ಹೊಸ ಲಂಗ ತೊಟ್ಟು ಜಂಬದಿಂದ ಕರೆಯಲು ಹೊರಟೆ. ಅಮ್ಮ ಒಳಗಿನಿಂದ ಕೂಗಿದಳು: "ಪುಟ್ಟಜ್ಜಿ ಮನೆಗೆ ಹೋಗ್ಬೇಡ ಕಣೇ. ಕರೆದ್ರೆ ಮುಯ್ಯಿ ತರ್ತಾಳೆ. ಸರ್ಕಾರ ಕೊಡೋದ್ರಲ್ಲಿ ಪಾಪ ಅವ್ಳೇ ಉಣ್ಲಿ ಬುಡು."

ಪುಟ್ಟಜ್ಜಿ ಹಿಂದಿನ ಬೀದಿಯ ಒಂಟಿ ಮುದುಕಿ. ಪೋಸ್ಟ್‌ಮ್ಯಾನ್ ತರುವ ವೃದ್ಧಾಪ್ಯ ವೇತನವೇ ಅವಳ ಜೀವನ. ಆದರೆ ಮನೆಯಲ್ಲಿ ಕೂತವಳಲ್ಲ. ತೆಂಗಿನ ಗರಿ ಸೀಳುವ ಹೆಂಗಸರ ನಡುವೆ ಕೂತು ತಾನೂ ಪೊರಕೆ ಕಡ್ಡಿ ಹೆರೆಯುತ್ತಿದ್ದಳು, ಎಲ್ಲರ ಕಾಲೆಳೆಯುತ್ತಿದ್ದಳು. ಊರಿನ ಯಾವ ಮಗುವಿಗೂ ಮೊದಲ ಜೋಗುಳ ಅವಳದೇ.

ಅವತ್ತು ಅವಳ ಪಕ್ಕದ ಮನೆಯವರನ್ನು ಕರೆದು ಹೊರಬಂದರೆ ಪುಟ್ಟಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ಯಾರ ಮನೇಲಿ ಏನವ್ವ?"

"ಏನಿಲ್ಲ ಅಜ್ಜಿ" ಎಂದು ಓಡಿದೆ. ಪಕ್ಕದ ಮನೆಯಲ್ಲಿ ನಾನಾಡಿದ್ದು ಅವಳಿಗೆ ಕೇಳಿಸಿತ್ತೆಂದು ಆಗಲೇ ನನಗೆ ಗೊತ್ತಿತ್ತು.

ಮಾರನೆಯ ದಿನ ಶಾಸ್ತ್ರ ಮುಗಿದ ಮೇಲೆ ಅಮ್ಮ ಒಬ್ಬಟ್ಟು, ತುಪ್ಪ, ಕೋಸಂಬರಿ ತಟ್ಟೆಗೆ ಬಡಿಸಿ ಎಲೆ ಮುಚ್ಚಿ ನನ್ನ ಕೈಲಿ ಕಳಿಸಿದಳು. ಪುಟ್ಟಜ್ಜಿ ಮಡಿಸೀರೆ ಉಟ್ಟು, ತಲೆ ಬಾಚಿ ಕೂತಿದ್ದಳು. ಪಕ್ಕದಲ್ಲಿ ಅರಿಶಿನ ಹಚ್ಚಿದ ಕೊಬ್ಬರಿ ಗಿಟುಕು.

"ಹೊತ್ತು ಮೀರೋಗಂಟ ಕಾದೆ ಕಣವ್ವ. ಕರೀಲಿಲ್ಲ" ಅಂದಳು. ತಟ್ಟೆ ಮುಟ್ಟಲಿಲ್ಲ. "ತಗೊಂಡೋಗು. ಹಸ್ಕೊಂಡು ಕೂತಿದ್ದೆ ಅಂತ ಯಾರು ಹೇಳಿದ್ರು?"

ನಾನು ಅಳುತ್ತ ಮನೆಗೆ ಬಂದೆ. ತಟ್ಟೆ ನೋಡಿದ ಅಮ್ಮ ಬಾಣಂತಿ ಅನ್ನುವುದನ್ನೂ ಮರೆತು ಬಿಸಿಲಲ್ಲಿ ಬರಿಗಾಲಲ್ಲಿ ಓಡಿದಳು. ಹಿಂದೆ ನಾನು.

"ತಪ್ಪಾಯ್ತು ದೊಡ್ಡಮ್ಮ. ನಿಮ್ಗೆ ಹೊರೆಯಾಗ್ತದೆ ಅಂತ ಅಂದ್ಕೊಂಡೆ."

"ಕೊಡೋದು ಹೊರೆಯಲ್ಲ ಕಣಮ್ಮ. ಊರ ಲೆಕ್ಕದಿಂದ ಬುಟ್ಟೋದೋಳು ಅನ್ನಿಸ್ಕೊಳ್ಳೋದು ಹೊರೆ."

ಅಮ್ಮ ಅವಳ ಕೈಹಿಡಿದು ಕರೆತಂದಳು. ಜನ ಆಗಲೇ ಹೋಗಿದ್ದರು. ಪುಟ್ಟಜ್ಜಿ ಗಿಟುಕನ್ನು ಮಗುವಿನ ಪಕ್ಕ ಇಟ್ಟು, ಖಾಲಿ ಪಡಸಾಲೆಯಲ್ಲಿ ಒಬ್ಬಳೇ ಹಾಡಿದಳು.

ಹೋದ ವರ್ಷ ಮಗಳ ಮದುವೆಗೆ ನಾನು ಊರೆಲ್ಲ ಕರೆದೆ. ಪಿಂಚಣಿಯಲ್ಲಿ ಬದುಕುವ ಮೂವರು ಮುದುಕಿಯರ ಮನೆ ಮಾತ್ರ ಬಿಟ್ಟೆ. ಅವರಿಗೇಕೆ ತೊಂದರೆ ಅಂದುಕೊಂಡೆ, ಥೇಟ್ ಅಮ್ಮನ ಹಾಗೆ. ಊಟ ಕಳಿಸಿದೆ.

ಪುಟ್ಟಜ್ಜಿಯ ಹಾಗೆ ಯಾರೂ ತಟ್ಟೆ ವಾಪಸ್ ಕಳಿಸಲಿಲ್ಲ; ಓಡಿಹೋಗಿ ಕೈಹಿಡಿದು ಕರೆತರಲು ನನಗೆ ನೆಪವೇ ಸಿಗಲಿಲ್ಲ.