ಒಂದು ಸೈಕಲ್ಲು, ಇಬ್ಬರ ತೂಕ

ಆ ಸೈಕಲ್ಲು ನಮ್ಮ ಮನೆಗೆ ಬಂದಿದ್ದು ಒಬ್ಬನ ಕಾಲು ಮುರಿದಿದ್ದರಿಂದ.

ಮಾಗಡಿ ಹತ್ತಿರದ ಕಲ್ಯದ ಆಚೆ ನಮ್ಮ ಕುರಿ ಮೇಯುವ ಕಡೆ ಒಂದು ದೊಡ್ಡ ಬಂಡೆಯಿದೆ. ಭಾನುವಾರ ಬೆಂಗಳೂರಿನಿಂದ ನಾಲ್ಕಾರು ಜನ ಕಾರಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ಬರುತ್ತಿದ್ದರು. ಅದನ್ನು ಹೆಗಲ ಮೇಲೆ ಹೊತ್ತು ಬಂಡೆ ಹತ್ತಿ, ನೆತ್ತಿಯಿಂದ ಕೆಳಕ್ಕೆ ಬಿಟ್ಟುಕೊಂಡು ಬರುವುದೇ ಅವರಿಗೆ ಆಟ. ರಜೆಯ ದಿನ ಕುರಿ ಹೊಡೆದುಕೊಂಡು ಹೋದಾಗ ನಾನೂ ನಮ್ಮಣ್ಣನೂ ಅದನ್ನೇ ನೋಡುತ್ತ ಕೂರುತ್ತಿದ್ದೆವು. ಒಂದು ದಿನ ಅವರಲ್ಲೊಬ್ಬನ ಮುಂದಿನ ಚಕ್ರ ಬಂಡೆಯ ಸೀಳಿಗೆ ಕಚ್ಚಿಕೊಂಡಿತು. ಆಸಾಮಿ ಗಾಳಿಯಲ್ಲೇ ಮಗುಚಿ ಕೆಳಗಿನ ಕಲ್ಲಿಗೆ ಬಂದು ಬಿದ್ದ. ಓಡಿ ಹೋಗಿ ನೋಡಿದರೆ ಮೊಣಕಾಲಿನ ಕೆಳಗೆ ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು. ಅವನು ಕಿರುಚಲಿಲ್ಲ. ಹಲ್ಲು ಕಚ್ಚಿಕೊಂಡು "ಸೈಕಲ್ ನೋಡಿ, ಸೈಕಲ್ ನೋಡಿ" ಅನ್ನುತ್ತಿದ್ದ. ಜೊತೆಯವರು ಕಾರು ತರಲು ಓಡಿದರು. ಅಣ್ಣ ತನ್ನ ಟವಲ್ಲು ಬಿಗಿದು ಕಟ್ಟಿ, ಅವನನ್ನು ಎತ್ತಿಕೊಂಡು ರಸ್ತೆಯವರೆಗೂ ನಡೆದ. ಕಾಲು ತೂಗಾಡದ ಹಾಗೆ ನಾನು ಹಿಡಿದುಕೊಂಡಿದ್ದೆ. ರಸ್ತೆ ಮುಟ್ಟುವಷ್ಟರಲ್ಲಿ ಮೊಣಕೈವರೆಗೂ ಅವನ ರಕ್ತ.

ಕೆಲವು ತಿಂಗಳಾದ ಮೇಲೆ ಅವನ ಹೆಂಡತಿ ಆ ಸೈಕಲ್ಲು ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಮುಂದಿನ ಚಕ್ರ, ಅದನ್ನು ಹಿಡಿದಿರುವ ಫೋರ್ಕು ಎರಡೂ ಹೋಗಿದ್ದವು. ಹಿಂದಿನ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿತ್ತು. ಫ್ರೇಮು ಮಾತ್ರ ಗಟ್ಟಿಯಾಗಿತ್ತು. "ಇದು ನಮ್ಮನೇಲಿ ಇರಬಾರದು. ನೀವಿಬ್ರೂ ಇಟ್ಕೊಳ್ಳಿ" ಅಂದರು. ಆ "ಇಬ್ರೂ" ಅನ್ನುವ ಮಾತೇ ಮುಂದಿನದಕ್ಕೆಲ್ಲ ಕಾರಣವಾಯಿತು.

ನಮ್ಮಿಬ್ಬರಿಗೂ ಬಿಡದಿಯ ಒಂದೇ ಕಾರ್ಖಾನೆಯಲ್ಲಿ ಕೆಲಸ. ಅಣ್ಣ ವೆಲ್ಡಿಂಗ್ ಕಡೆ, ನಾನು ಜೋಡಣೆಯ ಕಡೆ. ಶಿಫ್ಟು ಬೇರೆ ಬೇರೆ. ಅಪ್ಪ ನಮ್ಮನ್ನು ಹೊಡೆದೇ ಬೆಳೆಸಿದವನು. ಕುರಿ ಕಟ್ಟುವ ಹಗ್ಗ, ಕುಡುಗೋಲಿನ ಹಿಡಿ, ಕೈಗೆ ಏನು ಸಿಕ್ಕರೆ ಅದು. ಅಪ್ಪನಿಂದ ತಿಂದಿದ್ದನ್ನು ಅಣ್ಣ ನನಗೆ ದಾಟಿಸುತ್ತಿದ್ದ, ನಾನು ಕಲ್ಲು ಬೀಸಿ ಓಡುತ್ತಿದ್ದೆ. ದೊಡ್ಡವರಾದ ಮೇಲೂ ನಮ್ಮಲ್ಲಿ ಮಾತು ಕಡಿಮೆ, ಕೈ ಜಾಸ್ತಿ. ಆ ಸೈಕಲ್ಲು ಕಟ್ಟಿದ ಆರೇಳು ತಿಂಗಳು ಮಾತ್ರ ಒಬ್ಬರ ಮೇಲೊಬ್ಬರು ಕೈ ಮಾಡಲಿಲ್ಲ.

ಫೋರ್ಕು ಸಿಕ್ಕಿದ್ದು ಕನಕಪುರದ ಕಡೆ. ಕಾಡಂಚಿನಲ್ಲಿ ಪ್ರವಾಸಿಗರಿಗೆ ಸೈಕಲ್ಲು ಬಾಡಿಗೆ ಕೊಡುತ್ತಿದ್ದ ಒಂದು ಕ್ಯಾಂಪು ಮುಚ್ಚುತ್ತಿತ್ತು. ಹಳೆಯದನ್ನೆಲ್ಲ ರಾಶಿ ಹಾಕಿ ಮಾರುತ್ತಿದ್ದರು. ಚಕ್ರ, ಡಿಸ್ಕ್ ಬ್ರೇಕು, ಸೋರದ ಒಂದು ಶಾಕು ಕೂಡ ಅಲ್ಲೇ ಸಿಕ್ಕವು. ಹಿಂದಿನ ಚಕ್ರ ಮೇಲೆ ಕೆಳಗೆ ಆಡಬೇಕಾದರೆ ಫ್ರೇಮಿನ ಕೀಲುಗಳು ಸಡಿಲವಾಗಿ ತಿರುಗಬೇಕು. ಆ ಕೀಲುಗಳ ಬೇರಿಂಗು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಅಣ್ಣ ಅವನ್ನು ಪೈಪು ಇಟ್ಟು ಸುತ್ತಿಗೆಯಲ್ಲಿ ಬಡಿದು ಹೊರಗೆ ಹಾಕಿದ. ಹೊಸದನ್ನು ಕೂರಿಸುವಾಗ ಒಂದು ಚೂರು ಓರೆಯಾದರೂ ಕಿತ್ತು ಮತ್ತೆ ಕೂರಿಸುತ್ತಿದ್ದ. ರಾಮನಗರದ ಒಂದು ಲೇತ್ ಅಂಗಡಿಯಲ್ಲಿ ಶಾಕಿನ ಎರಡು ತುದಿಗೂ ಬುಷ್ ಅನ್ನುವ ಸಣ್ಣ ಲೋಹದ ಬಳೆ ಕಡೆಸಿಕೊಂಡು ಬಂದೆವು. ಕೊನೆಯ ಬೋಲ್ಟು ಬಿಗಿದಾಗ ಅಣ್ಣ ಸೈಕಲ್ಲನ್ನು ಎತ್ತಿ ಅಂಗಳಕ್ಕೆ ಕುಕ್ಕಿದ. ಎರಡೂ ಚಕ್ರ ಸದ್ದಿಲ್ಲದೆ ಕುಸಿದು ಎದ್ದವು. ಅವನು ನಕ್ಕಿದ್ದು ಎಷ್ಟೋ ಕಾಲದ ಮೇಲೆ.

ಆಮೇಲೆ ಇಬ್ಬರೂ ಸರದಿಯಲ್ಲಿ ಬಂಡೆ ಇಳಿಯತೊಡಗಿದೆವು, ಗಾಳಿಯ ತಕರಾರು ಶುರುವಾಯಿತು.

ಇಂಥ ಸೈಕಲ್ಲಿನ ಶಾಕಿನಲ್ಲಿ ಸ್ಪ್ರಿಂಗ್ ಇರುವುದಿಲ್ಲ, ಗಾಳಿ ಇರುತ್ತದೆ. ಓಡಿಸುವವನು ಸೀಟಿನ ಮೇಲೆ ಕೂತಾಗ ಅದು ಕಾಲು ಭಾಗದಷ್ಟು ಕುಸಿಯಬೇಕು. ಎಷ್ಟು ಕುಸಿಯಿತು ಅಂತ ತೋರಿಸಲು ಒಂದು ರಬ್ಬರ್ ಉಂಗುರ ಇರುತ್ತದೆ. ಗಾಳಿ ಕಡಿಮೆಯಾದರೆ ಶಾಕು ತಳಕ್ಕೆ ಬಡಿಯುತ್ತದೆ. ಜಾಸ್ತಿಯಾದರೆ ಕಲ್ಲು ಸಿಕ್ಕಾಗ ಹಿಂದಿನಿಂದ ಒದ್ದು ಆಳನ್ನು ಮುಂದಕ್ಕೆ ಎಸೆಯುತ್ತದೆ. ಕುಸಿದಿದ್ದು ಎಷ್ಟು ಬೇಗ ವಾಪಸ್ಸು ಏಳಬೇಕು ಅನ್ನುವುದಕ್ಕೆ ಒಂದು ಕೆಂಪು ತಿರುಪು. ಎಲ್ಲವೂ ಒಬ್ಬನ ತೂಕಕ್ಕೆ ಹೊಂದಬೇಕು. ಅಣ್ಣ ಗರಡಿ ಆಳಿನಂತೆ ಇದ್ದಾನೆ, ನಾನು ಕಡ್ಡಿ. ಅವನಿಗೆ ಸರಿಹೋದದ್ದು ನನಗೆ ಒದೆಯುತ್ತಿತ್ತು, ನನಗೆ ಸರಿಹೋದದ್ದು ಅವನ ಕೆಳಗೆ ಕುಸಿದು ಕೂರುತ್ತಿತ್ತು.

ಅವನು ಕೆಲಸಕ್ಕೆ ಹೋದಾಗ ನಾನು ಗಾಳಿ ಇಳಿಸುತ್ತಿದ್ದೆ. ನಾನು ಹೋದಾಗ ಅವನು ಏರಿಸುತ್ತಿದ್ದ.

"ಯಾಕ್ಲಾ ಪದೇ ಪದೇ ಗಾಳಿ ಬುಡ್ತೀಯ?" ಅಂತ ಒಂದು ದಿನ ಊಟದ ಮುಂದೆ ಕೇಳಿದ.

"ನನ್ ತೂಕಕ್ಕೆ ಅಷ್ಟೇ ಬೇಕು."

"ಒಸಿ ಮುದ್ದೆ ಜಾಸ್ತಿ ತಿನ್ನು, ಸರಿಹೋಯ್ತದೆ."

ನಾನು ತಟ್ಟೆ ಎತ್ತಿ ಅವನ ಎದೆಗೆ ಹೊಡೆದೆ. ಬಿಸಿ ಸಾರು ಅವನ ಕತ್ತಿನಿಂದ ಇಳಿಯಿತು. ಅವನು ನನ್ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಎರಡು ಸಲ ಗುದ್ದಿಸಿ, ಮತ್ತೆ ಕೂತು ಉಳಿದ ಮುದ್ದೆ ತಿಂದ. ಅವ್ವ ಚೆಲ್ಲಿದ ಸಾರು ಒರೆಸಿದಳು.

ಮಾರನೆಯ ವಾರ ಅಣ್ಣ ಕೆಲಸಕ್ಕೆ ಹೊರಡುವಾಗ ಗಾಳಿ ಹಾಕುವ ಪಂಪನ್ನು ಬುತ್ತಿಚೀಲದಲ್ಲಿ ಇಟ್ಟುಕೊಂಡು ಹೋದ. ಗಾಳಿ ಎಷ್ಟಿದೆ ಅಂತ ತೋರಿಸುವ ಮುಳ್ಳು ಇದ್ದಿದ್ದೂ ಅದರಲ್ಲೇ. ನಾನು ಇಡೀ ಮನೆ ಹುಡುಕಿದೆ. ಅವತ್ತು ಓಡಿಸದೆ ಇರಬಹುದಿತ್ತು. ಆದರೆ ಅವನು ಬೇಕೆಂದೇ ಹೀಗೆ ಮಾಡಿದ್ದಾನೆ ಅನ್ನುವುದು ತಲೆಯಲ್ಲಿ ಕುದಿಯುತ್ತಿತ್ತು. ವಾಲ್ವನ್ನು ಉಗುರಿನಿಂದ ಒತ್ತಿ ಅಂದಾಜಿನ ಮೇಲೆ ಒಂದಿಷ್ಟು ಗಾಳಿ ಬಿಟ್ಟು ಬಂಡೆಗೆ ಹೋದೆ.

ಅರ್ಧ ಬಂಡೆಯವರೆಗೆ ಸೈಕಲ್ಲು ಚೆನ್ನಾಗಿಯೇ ಇಳಿಯಿತು. ಮೆಟ್ಟಿಲಿನ ಹಾಗೆ ಕಡಿದ ಜಾಗದಲ್ಲಿ ಹಿಂದಿನ ಚಕ್ರ ಬಡಿದಿದ್ದೇ ತಡ, ಇನ್ನೂ ಜಾಸ್ತಿ ಗಾಳಿಯಿದ್ದ ಶಾಕು ಒದ್ದು ನನ್ನನ್ನು ಹ್ಯಾಂಡಲಿನ ಮೇಲಿಂದ ಎಸೆಯಿತು. ಮುಖ ಮುಂದಾಗಿ ಬಿದ್ದೆ. ಮೇಲ್ತುಟಿ ಮೂಗಿನವರೆಗೂ ಸೀಳಿತು. ಒಂದು ಹಲ್ಲು ಮುರಿದು ನಾಲಿಗೆಯ ಕೆಳಗೆ ಕೂತಿತ್ತು. ಅದನ್ನು ಉಗಿದು, ಎಡವಿಕೊಂಡು ಸೈಕಲ್ಲು ತಳ್ಳುತ್ತ ಊರಿಗೆ ಬಂದೆ. ದಾರಿಯುದ್ದಕ್ಕೂ ನನಗೆ ನೋವಿಗಿಂತ ಸಿಟ್ಟೇ ಗೊತ್ತಾಗುತ್ತಿತ್ತು.

ಕಾರ್ಖಾನೆಯ ಬಸ್ಸು ಸಂಜೆ ಬಿಸಿಲಿರುವಾಗಲೇ ಬರುತ್ತದೆ. ನಾನು ದೊಡ್ಡ ಸ್ಪ್ಯಾನರು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಅಣ್ಣ ನನ್ನ ಮುಖ ನೋಡಿ ಚೀಲ ಕೆಳಗಿಟ್ಟ.

"ಏನಾಯ್ತ್ಲಾ" ಅಂದ. ದನಿಯಲ್ಲಿ ಗಾಬರಿ ಇತ್ತು. ಅದು ನನಗೆ ಕೇಳಿಸಿತು ಕೂಡ.

ಆದರೂ ಬೀಸಿದೆ. ಸ್ಪ್ಯಾನರು ಅವನ ಎಡಗೆನ್ನೆಯ ಮೂಳೆಗೆ ಬಿತ್ತು. ಒಣಸೌದೆ ಮುರಿದ ಸದ್ದು. ಅವನು ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ನನ್ನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿದ. ಕುರಿಗಳು ಹಗ್ಗ ಜಗ್ಗಿ ನಮ್ಮನ್ನೇ ತುಳಿದವು. ನಾನು ಅವನ ಭುಜ ಕಚ್ಚಿದೆ. ಅವನು ನನ್ನ ಎಡಗೈಯನ್ನು ಹಿಡಿದು ಎರಡು ಬೆರಳನ್ನು ಹಿಂದಕ್ಕೆ ಮಡಿಸಿದ. ಬಿಡುತ್ತಾನೆ ಅಂದುಕೊಂಡೆ. ಬಿಡಲಿಲ್ಲ, ಅವು ಲಟಕ್ಕನೆ ಹೋಗುವವರೆಗೂ ಮಡಿಸಿದ.

ನಮ್ಮನ್ನು ಬಿಡಿಸಿದ್ದು ಅಪ್ಪ. ಮಾತಿನಿಂದಲ್ಲ, ದೊಣ್ಣೆಯಿಂದ. ಇಬ್ಬರ ಬೆನ್ನಿಗೂ ಸರಿಸಮನಾಗಿ ಹಾಕಿದ. ಆಮೇಲೆ ಏದುಸಿರು ಬಿಡುತ್ತ "ಇಬ್ರನ್ನೂ ಮಾಗಡಿ ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಅಂತ ಅಕ್ಕಪಕ್ಕದವರಿಗೆ ಹೇಳಿದ. ಒಂದೇ ಆಟೋದಲ್ಲಿ ಹೋದೆವು, ನಡುವೆ ಅವ್ವ. ಡಾಕ್ಟರು ಕೇಳಿದ್ದಕ್ಕೆ ಅವ್ವ "ಸೈಕಲ್‌ನಿಂದ ಬಿದ್ರು ಸ್ವಾಮಿ" ಅಂದಳು. ಬಿದ್ದಿದ್ದು ಒಬ್ಬನೋ ಇಬ್ಬರೋ ಅಂತ ಅವರು ಕೇಳಲಿಲ್ಲ.

ವಾರ ಕಳೆದ ಮೇಲೆ ಅಪ್ಪ ಸೈಕಲ್ಲಿನ ತೀರ್ಮಾನ ಮಾಡಿದ. ಊರವರು ದುಡ್ಡು ಸೇರಿಸಿ ಮಾಂಸ ಹಂಚಿಕೊಳ್ಳುವ ಗುಡ್ಡೆ ಬಾಡಿನಲ್ಲಿ ಪಾಲು ಮಾಡುವುದು ಅಪ್ಪನೇ. ಕುರಿ ಕಡಿದು, ಎಲೆ ಹಾಸಿ, ತೊಡೆ, ಪಕ್ಕೆ, ಈಲಿ ಅನ್ನುವ ಲಿವರ್ರು, ಎಲ್ಲ ಒಂದೊಂದು ಗುಡ್ಡೆಗೂ ಸಮ ಬರುವ ಹಾಗೆ ಹಾಕುತ್ತಾನೆ, ಯಾರೂ ತುಟಿ ಬಿಚ್ಚುವುದಿಲ್ಲ. ಹಾಗೆಯೇ ಅಂಗಳದಲ್ಲಿ ಗೋಣಿತಾಟು ಹಾಸಿ, ಪಕ್ಕದ ಮನೆಯವನ ಕೈಯಲ್ಲಿ ಸೈಕಲ್ಲು ಬಿಚ್ಚಿಸಿ ಎರಡು ಗುಡ್ಡೆ ಮಾಡಿದ.

"ಮುಂದ್ಲುದ್ದು ದೊಡ್ಡೋನಿಗೆ. ಹಿಂದ್ಲುದ್ದು, ಫ್ರೇಮು ಚಿಕ್ಕೋನಿಗೆ. ಪೆಡಲು ಒಬ್ಬೊಬ್ನಿಗೆ ಒಂದೊಂದು."

"ಒಂದ್ ಪೆಡಲಿಟ್ಕೊಂಡು ಏನಪ್ಪಾ ಮಾಡ್ಲಿ?" ಅಂದ ಅಣ್ಣ. ಅವನ ಎಡಗಣ್ಣಿನ ಸುತ್ತ ಇನ್ನೂ ಕಪ್ಪಾಗಿತ್ತು, ಸುಮ್ಮಸುಮ್ಮನೆ ನೀರು ಸುರಿಯುತ್ತಿತ್ತು.

"ತಲೆ ಚಚ್ಕೊ."

ಒಂದು ವರ್ಷ ನಾವು ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡದೆ ಉಂಡು ಮಲಗಿದೆವು. ನನ್ನ ಬೆರಳು ಸೊಟ್ಟಗೆ ಕೂಡಿಕೊಂಡವು. ಕಾರ್ಖಾನೆಯಲ್ಲಿ ಹಗುರ ಕೆಲಸಕ್ಕೆ ಹಾಕಿದರು. ಒಂದು ದಿನ ಅವನ ಫೋರ್ಕಿನ ಮೇಲೆ ಕಲ್ಲು ಎತ್ತಿ ಹಾಕಲು ಹೋಗಿ, ಅವ್ವ ನೋಡಿದ್ದಕ್ಕೆ ಬಿಟ್ಟೆ.

ಹಠಕ್ಕೆ ಬಿದ್ದು ನಾನೊಂದು ಫೋರ್ಕು, ಮುಂದಿನ ಚಕ್ರ ಹುಡುಕಿದೆ. ಅದೇ ಹಠಕ್ಕೆ ಅವನೊಂದು ಗಾಳಿಶಾಕಿನ ಹಳೆಯ ಫ್ರೇಮು ತಂದ. ನಾನು ಕೊಟ್ಟಿಗೆಯಲ್ಲಿ, ಅವನು ಹಿತ್ತಲಲ್ಲಿ, ಬೆನ್ನು ಹಾಕಿಕೊಂಡು ಕಟ್ಟಿದೆವು. ಅವನು ಬೇರಿಂಗು ಬಡಿಯುವ ಸದ್ದು ಕೇಳಿದರೆ ಅದು ಓರೆ ಹೋಗುತ್ತಿದೆ ಅಂತ ನನಗೆ ತಿಳಿಯುತ್ತಿತ್ತು. ಹೇಳಲಿಲ್ಲ. ನನ್ನ ಸೊಟ್ಟ ಬೆರಳು ಬ್ರೇಕಿಗೆ ಎಟುಕುತ್ತಿರಲಿಲ್ಲ. ಹಿಡಿಯನ್ನು ಕೆಳಕ್ಕೆ ತಿರುಗಿಸಿ, ಒಳಕ್ಕೆ ಎಳೆದು, ಎಷ್ಟೋ ಸಲ ಬಿಚ್ಚಿ ಬಿಗಿದ ಮೇಲೆ ಒಂದೇ ಬೆರಳಿಗೆ ಸಿಗುವಂತಾಯಿತು. ಈಗ ಬೇರೆ ಯಾರು ಹಿಡಿದರೂ ಅದು ಕೈಗೆ ಕೂರುವುದಿಲ್ಲ.

ಗಾಳಿ ಹೊಂದಿಸುವ ಕೆಲಸದಲ್ಲಿ ಒಂದು ತೊಂದರೆಯಿದೆ. ಸೀಟಿನ ಮೇಲೆ ಕೂತು, ಎರಡೂ ಕಾಲು ಪೆಡಲಿನ ಮೇಲಿಟ್ಟವನು ಬಗ್ಗಿ ಉಂಗುರ ನೋಡಲಾರ. ನಾನು ಗೋಡೆಗೆ ಭುಜ ಕೊಟ್ಟು ಹೇಗೋ ಮಾಡಿಕೊಂಡಿದ್ದೆ. ಅಣ್ಣನ ಭಾರಕ್ಕೆ ಆ ಉಪಾಯ ನಡೆಯಲಿಲ್ಲ. ಎರಡು ಸಲ ಸೈಕಲ್ಲಿನ ಸಮೇತ ಬಿದ್ದ. ಮೂರನೆಯ ಸಲ ಬಿದ್ದಾಗ ಎದ್ದು ಸೈಕಲ್ಲಿಗೇ ಒದ್ದ. ಆಮೇಲೆ ಅದನ್ನು ತಳ್ಳಿಕೊಂಡು ಕೊಟ್ಟಿಗೆಗೆ ಬಂದು ನನ್ನ ಮುಂದೆ ನಿಲ್ಲಿಸಿದ.

"ನೋಡು" ಅಂದ.

ಒಂದು ವರ್ಷದ ಮೇಲೆ ನನಗೆ ಆಡಿದ ಮೊದಲ ಮಾತು ಅದು. ಅವನು ಕಂಬ ಹಿಡಿದು ಹತ್ತಿ ಕೂತ. ನಾನು ಮಂಡಿಯೂರಿ ಉಂಗುರ ಸರಿಸಿದೆ. ತಲೆಯ ಮೇಲೆಯೇ ಅವನ ಉಸಿರು. ಆ ಕ್ಷಣದಲ್ಲಿ ಅವನು ನನ್ನ ಕತ್ತಿಗೆ ಒಂದು ಕೊಟ್ಟಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

"ಜಾಸ್ತಿ ಕುಸೀತೈತೆ. ಇನ್ನೂ ಗಾಳಿ ಬೇಕು" ಅಂದೆ.

ಅವನು ಪಂಪು ಚಾಚಿದ, ನಾನು ಹಾಕಿದೆ. ಮತ್ತೆ ಕೂತ, ಮತ್ತೆ ನೋಡಿದೆ. ಕೆಂಪು ತಿರುಪನ್ನು ಒಂದೊಂದೇ ಕ್ಲಿಕ್ಕು ತಿರುಗಿಸಿ, ಅವನು ಕುಪ್ಪಳಿಸಿ, ಸರಿಹೋಗುವಷ್ಟರಲ್ಲಿ ಕುರಿಗೆ ನೀರು ಕುಡಿಸುವ ಹೊತ್ತು ಮೀರಿತ್ತು. ಅವನ ಕಣ್ಣಿನಿಂದ ನೀರು ಇಳಿದು ಹ್ಯಾಂಡಲಿನ ಮೇಲೆ ಬೀಳುತ್ತಿತ್ತು. ಅದು ಅಳುವಲ್ಲ, ನನ್ನ ಸ್ಪ್ಯಾನರು ಮಾಡಿದ್ದು.

ಈಗ ಶಿಫ್ಟು ಕೂಡಿಬಂದ ಭಾನುವಾರ ಇಬ್ಬರೂ ಒಟ್ಟಿಗೆ ಬಂಡೆ ಇಳಿಯುತ್ತೇವೆ. ಜಗಳ ನಿಂತಿಲ್ಲ. ಹೋದ ತಿಂಗಳು ಇಕ್ಕಟ್ಟಿನಲ್ಲಿ ದಾರಿ ಬಿಡಲಿಲ್ಲ ಅಂತ ಅವನು ನನ್ನನ್ನು ಮೊಣಕೈಯಲ್ಲಿ ತಿವಿದು ಲಾಂಟಾನ ಪೊದೆಗೆ ಕೆಡವಿದ. ನಾನು ಎದ್ದು ಮುಳ್ಳು ಕಿತ್ತುಕೊಳ್ಳುವವರೆಗೂ ಕೆಳಗೆ ಸೈಕಲ್ಲು ಆನಿಸಿಕೊಂಡು ನಿಂತಿದ್ದ. ಹತ್ತಿರ ಹೋದಾಗ ನೀರಿನ ಬಾಟಲಿ ಕೊಟ್ಟು, ನಾನು ಕುಡಿದು ಮುಗಿಸುವ ಮೊದಲೇ ಕಿತ್ತುಕೊಂಡ.