ದುಂಡಕ್ಷರದ ಮಿಸ್ಸೂ ಮರಿ ಮೇಷ್ಟ್ರೂ

ಮಗಳ ಬೆರಳು ಯಂತ್ರದ ಸಂದಿಗೆ ಸಿಕ್ಕಿಕೊಳ್ಳಬಹುದಿತ್ತು. ಮಣಿಕಟ್ಟು ಉಳುಕಬಹುದಿತ್ತು. ಕರೆಂಟು ಹೋಗಿ ಬಂದಾಗ ಅದರ ತೋಳು ಹುಚ್ಚೆದ್ದು ಅವಳ ಕೈಯನ್ನೇ ಎಳೆದುಬಿಡಬಹುದಿತ್ತು. ಶಾಕ್ ಹೊಡೆಯಬಹುದಿತ್ತು, ಪೆನ್ನಿನ ತುದಿ ಕಣ್ಣಿಗೆ ತಗುಲಬಹುದಿತ್ತು. ಇದ್ಯಾವುದೂ ಆಗದಿದ್ದರೆ ಇನ್ನೂ ಅಪಾಯ: ಆ ಯಂತ್ರವಿಲ್ಲದೆ ಒಂದಕ್ಷರವೂ ಬರೆಯಲಾರದವಳಾಗಿ ಬೆಳೆದು, ಮುಂದೆ ಬ್ಯಾಂಕಿನ ಚಲನ್ ತುಂಬಲೂ ಅದನ್ನು ಆಟೋದಲ್ಲಿ ಹೇರಿಕೊಂಡು ಹೋಗಬೇಕಾಗಬಹುದಿತ್ತು.

ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಅಪಘಾತದ ಫೈಲುಗಳನ್ನೇ ಓದಿದವನು ನಾನು. ಇಂಥ ಪಟ್ಟಿಗೆ ನನಗೆ ಯೋಚನೆಯೂ ಬೇಕಿಲ್ಲ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಾಗ ಮಿಸ್ ಉತ್ತರವಾಗಿ ತಮ್ಮ ಬಲಗೈ ಚಾಚಿದರು. ಪೆನ್ನು ಒರಗುವ ಬೆರಳಿನ ಪಕ್ಕದಲ್ಲಿ ಹುರಿಗಡಲೆ ಗಾತ್ರದ ಗಂಟು, ಅದರ ಸುಕ್ಕಿನಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ, ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿದ ಬ್ಯಾಂಡೇಜು.

"ಐವತ್ತು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದೀನಿ. ಈಗ ಕಾಫಿ ಲೋಟ ಎತ್ತಕ್ಕೂ ಎರಡು ಕೈ ಬೇಕು. ನನ್ನ ಕೈಲಿ ಹಿಡಿಯಕ್ಕಾಗಲ್ಲ, ಇದು ಹಿಡಿಯುತ್ತೆ. ನಿನಗೇನೋ ಕಷ್ಟ?"

ಐದನೇ ಕ್ಲಾಸಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಚಾಮರಾಜಪೇಟೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ದುಂಡಕ್ಷರ ಹೇಳಿಕೊಡುತ್ತಿದ್ದರು. ಅವರದು ಒಂದೇ ವಿಧಾನ. ತಾವು ದೊಡ್ಡದಾಗಿ ಬರೆದ ಅಕ್ಷರದ ಮೇಲೆ ಮಗು ಹತ್ತು ಸಲ ತಿದ್ದಬೇಕು, ಮಗುವಿನ ಕೈ ಮೇಲೆ ಅವರ ಕೈ ಇರಬೇಕು. ಅಕ್ಷರ ಕೆಟ್ಟದಾಗಿದ್ದರೆ ಯಾರನ್ನೂ ಬಿಟ್ಟವರಲ್ಲ. ಮಣಿಕಟ್ಟು ತೋರಿಸಲು ಹೋದಾಗ ಡಾಕ್ಟರ ಚೀಟಿಯನ್ನೇ ಹಿಂದಿರುಗಿಸಿ, "ಮಾತ್ರೆ ಆಮೇಲೆ ತಗೋತೀನಿ, ಮೊದಲು ಇದನ್ನ ಓದೋ ಹಾಗೆ ಬರ್ಕೊಡಪ್ಪ" ಅಂದಿದ್ದರಂತೆ. ನನ್ನನ್ನು ಕಂಡಾಗಲೆಲ್ಲ, "ಇವನ ಅಕ್ಷರ ನೋಡಬೇಕಿತ್ತು, ನೀರಿಗೆ ಬಿದ್ದು ಎದ್ದ ಇರುವೆ ಸಾಲು" ಎಂದು ಪಕ್ಕದಲ್ಲಿದ್ದವರಿಗೆ ಪರಿಚಯ ಮಾಡಿಕೊಡುತ್ತಿದ್ದರು. ನಲವತ್ತೆಂಟು ವರ್ಷದ ಗಂಡಸಿಗೆ ಇದಕ್ಕಿಂತ ಬೇರೆ ಪರಿಚಯ ಇರಲಾರದೇ? ಅವರಲ್ಲಿಗೆ ಹೋಗುವ ಮುನ್ನ ಪ್ರತಿ ಸಲವೂ ನನಗೆ ಸಿಟ್ಟು ಬರುತ್ತಿತ್ತು. ಹೋಗದೆ ವಿಧಿಯಿರಲಿಲ್ಲ.

ಮಗಳೂ ಐದನೇ ಕ್ಲಾಸು. ಬಾಯಲ್ಲಿ ಕೇಳಿದರೆ ಎಲ್ಲ ಗೊತ್ತು. ಬರೆಯಲು ಕೂತರೆ ಅಕ್ಷರ ಒಂದರ ಮೇಲೊಂದು ಹತ್ತಿ, ಅರ್ಧ ಪುಟಕ್ಕೆ ಕೈ ಸೋತು, ಪೆನ್ನು ಕೆಳಗಿಡುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತು. ವಾರ್ಷಿಕದಲ್ಲೂ ಹೀಗೇ ಆದರೆ ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುತ್ತೇವೆ ಎಂದು ಶಾಲೆಯವರು ಹೇಳಿದರು. "ಗೆಳತಿಯರೆಲ್ಲ ಮುಂದೆ ಹೋದ್ರೆ ನಾನು ಸ್ಕೂಲಿಗೇ ಹೋಗಲ್ಲ" ಎಂದು ಇವಳು ಹೇಳಿದಳು. ಹೇಳಿದ್ದನ್ನು ಮಾಡುವ ಜಾತಿ, ಅವಳಮ್ಮನ ಹಾಗೆ.

ಯಂತ್ರ ತಂದುಕೊಟ್ಟವಳು ಮಿಸ್ಸಿನ ಹಳೆಯ ವಿದ್ಯಾರ್ಥಿನಿ, ಈಗ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವವಳು. ನೋಡಲು ಅದು ಬಲ್ಬಿಲ್ಲದ ಟೇಬಲ್ ಲ್ಯಾಂಪಿನಂತಿತ್ತು. ಬಲ್ಬಿರಬೇಕಾದ ಕಡೆ ಒಂದು ಪೆನ್ನು. ಮೊದಲು ಮಿಸ್ ಕೈನೋವಿನಲ್ಲೇ ಆ ಪೆನ್ನು ಹಿಡಿದು, ದಿನಕ್ಕೆ ನಾಲ್ಕಕ್ಷರದಂತೆ ಇಡೀ ವರ್ಣಮಾಲೆ ಬರೆದರು, ಯಂತ್ರ ಅದನ್ನು ನೆನಪಿಟ್ಟುಕೊಂಡಿತು. ಆಮೇಲೆ ಮಗು ಹಿಡಿದರೆ ಅದೇ ದಾರಿಯಲ್ಲಿ ಕೈಯನ್ನು ನಡೆಸುತ್ತದೆ. ದಾರಿ ತಪ್ಪಿದರೆ ಮೆಲ್ಲಗೆ ಎಳೆದು ತರುತ್ತದೆ. ಮಗು ಕಲಿತಷ್ಟೂ ತನ್ನ ಎಳೆತ ಕಡಿಮೆ ಮಾಡಿಕೊಳ್ಳುತ್ತದೆ. ಎಷ್ಟು ಕಡಿಮೆಯಾಯಿತೆಂದು ಪಕ್ಕದ ಪರದೆಯಲ್ಲಿ ಒಂದು ಹಸಿರು ಗೆರೆ ತೋರಿಸುತ್ತದೆ. ಮಿಸ್ ಅದಕ್ಕೆ ಮರಿ ಮೇಷ್ಟ್ರು ಎಂದು ಹೆಸರಿಟ್ಟರು. "ನನಗಿಂತ ತಾಳ್ಮೆ ಜಾಸ್ತಿ ಇದಕ್ಕೆ. ಬೈಯಕ್ಕೆ ಬರಲ್ಲ, ಅದೊಂದೇ ಕೊರತೆ. ಅದಕ್ಕೆ ನಾನಿದೀನಿ."

ಎರಡು ತಿಂಗಳು ಸಂಜೆ ಸಂಜೆ ಬಸವನಗುಡಿಯಿಂದ ಸ್ಕೂಟರಿನಲ್ಲಿ ಅವಳನ್ನು ಕರೆದೊಯ್ದೆ. ಉಳಿದ ಮಕ್ಕಳ ಹಸಿರು ಗೆರೆ ದಿನದಿನಕ್ಕೆ ಇಳಿಯಿತು. ನನ್ನ ಮಗಳದ್ದು ಕೂತಲ್ಲೇ ಕೂತಿತು. ಸಾಲದ್ದಕ್ಕೆ ಕೈನೋವು ಬೇರೆ. "ನಾನು ಮೊದಲೇ ಹೇಳಿದ್ದೆ ಮಿಸ್, ಈ ಯಂತ್ರ ಗಿಂತ್ರ..." ಎಂದೆ. ಇಂಜಿನಿಯರ್ ಹುಡುಗಿ ಬಂದು ಸ್ಕ್ರೂ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ ನೋಡಿದಳು. "ಮೆಷಿನ್ ಸರಿಯಾಗಿದೆ ಮಿಸ್. ಮಗುನೇ ಅದನ್ನ ವಿರುದ್ಧ ದಿಕ್ಕಿಗೆ ಎಳೀತಿದಾಳೆ. ಎಳೆದಷ್ಟೂ ಇದು ಜಾಸ್ತಿ ಎಳೆಯುತ್ತೆ."

ಮಿಸ್ ಮಗಳ ಪಕ್ಕದಲ್ಲಿ ಕೂತು, "ಯಾಕೆ ಪುಟ್ಟಿ, ಇಷ್ಟು ಬಿಗಿ ಯಾಕೆ ಹಿಡೀತೀಯ?" ಎಂದು ಕೇಳಿದರು.

"ಅಪ್ಪ ಹೇಳಿದಾರೆ. ಗಟ್ಟಿಯಾಗಿ ಹಿಡ್ಕೊಂಡಿರು, ಇಲ್ಲಾಂದ್ರೆ ಕೈ ಎಳ್ಕೊಂಡ್ಬಿಡುತ್ತೆ ಅಂತ. ದಿನಾ ಸ್ಕೂಟರ್ ಇಳಿಯೋವಾಗ ಹೇಳ್ತಾರೆ."

ಕೋಣೆಯಲ್ಲಿದ್ದ ಆರು ಮಕ್ಕಳೂ ತಿದ್ದುವುದು ನಿಲ್ಲಿಸಿ ನನ್ನತ್ತ ನೋಡಿದರು.

"ಬಾರೋ ಇಲ್ಲಿ," ಎಂದರು ಮಿಸ್. "ಕೂತ್ಕೋ."

"ನಾನಾ? ಮಿಸ್, ನನಗೆ ಆಫೀಸಿನ..."

"ಕೂತ್ಕೋ ಅಂದೆ."

ಮಕ್ಕಳ ಕುರ್ಚಿ. ಮೊಣಕಾಲು ಎದೆಗೆ ಬಂತು. ಪೆನ್ನು ಹಿಡಿದೆ. 'ಅ' ಶುರುವಾಯಿತು. ಯಂತ್ರ ಎಡಕ್ಕೆ ಕರೆದರೆ ನನ್ನ ಕೈ ತಾನಾಗಿ ಬಲಕ್ಕೆ ಜಗ್ಗಿತು. ಹಲ್ಲು ಕಚ್ಚಿ ಹಿಡಿದಿದ್ದೆ. ಕಾಗದದ ಮೇಲೆ ಮೂಡಿದ್ದು 'ಅ' ಅಲ್ಲ, ಹರಿದ ಚಪ್ಪಲಿ.

"ಸಡಿಲ ಬಿಡೋ."

"ಬಿಟ್ಟಿದೀನಿ ಮಿಸ್."

"ಎಲ್ಲಿ ಬಿಟ್ಟಿದೀಯ? ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿದಿದೀಯ. ಇದೇನು ನಿನ್ನ ಕೈ ಕಿತ್ಕೊಂಡು ಓಡಿಹೋಗುತ್ತಾ? ನಿನಗೆ ಹೆದರಿಕೆ ಇದ್ರೆ ನೀನು ಇಟ್ಕೋ. ಮಗುಗೆ ಯಾಕೋ ದಿನಾ ಡಬ್ಬಿಗೆ ತುಂಬಿ ಕಳಿಸ್ತೀಯ?"

ನನಗೆ ಸಿಟ್ಟು ನೆತ್ತಿಗೇರಿತು. ಏಳಬೇಕೆಂದುಕೊಂಡೆ, ಕುರ್ಚಿ ಸೊಂಟಕ್ಕೆ ಸಿಕ್ಕಿಕೊಂಡು ನನ್ನ ಜೊತೆಗೇ ಎದ್ದಿತು. ಮಗಳು ಕಿಸಕ್ಕೆಂದು ನಕ್ಕಳು. ಪರೀಕ್ಷೆಯ ಫಲಿತಾಂಶ ಬಂದಮೇಲೆ ಅವಳು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನನಗೂ ನಗು ಬಂತು. ಮತ್ತೆ ಕೂತೆ. ನಗುವಾಗ ಕೈ ಬಿಗಿಹಿಡಿಯಲು ಆಗುವುದಿಲ್ಲ ಎಂದು ಆವತ್ತು ಗೊತ್ತಾಯಿತು. ಪೆನ್ನು ತಾನಾಗಿ ಹೊರಟು, ಸುತ್ತಿ, ಮೇಲೆ ಹೋಗಿ, ಇಳಿದು, ದುಂಡಗಿನ ಒಂದು 'ಅ' ಬರೆದು ನಿಂತಿತು.

"ನೋಡು, ಬಂತಲ್ಲ," ಎಂದರು ಮಿಸ್. "ಐದನೇ ಕ್ಲಾಸಲ್ಲಿ ಬರಬೇಕಿತ್ತು. ಇರಲಿ. ಈಗ ಎದ್ದು ಆಚೆ ಹೋಗು. ನಾಳೆಯಿಂದ ಮಗು ಒಳಗೆ, ನೀನು ಗೇಟಿನಾಚೆ."

ಆಮೇಲಿನ ಆರು ವಾರ ನಾನು ಗೇಟಿನಾಚೆ ಸ್ಕೂಟರಿನ ಮೇಲೆ ಕೂತು ಸೊಳ್ಳೆ ಹೊಡೆದೆ. ಒಳಗೆ ಹಸಿರು ಗೆರೆ ಇಳಿಯಿತು. ಜನವರಿ ಕೊನೆಗೆ ಮಗಳು ಮನೆಯಲ್ಲಿ ಬರಿಯ ಪೆನ್ನಿನಲ್ಲಿ ಒಂದೂವರೆ ಪುಟ ಬರೆದು, ಕೈ ಕೊಡವಿಕೊಳ್ಳದೆ ಎದ್ದು ಆಡಲು ಹೋದಳು. ಹೇಳೋಣವೆಂದು ಓಡಿದರೆ ಮಿಸ್ ಮನೆಗೆ ಬೀಗ. ಎದೆನೋವೆಂದು ಹಿಂದಿನ ದಿನ ಆಸ್ಪತ್ರೆಗೆ ಸೇರಿಸಿದ್ದರು.

ಆಸ್ಪತ್ರೆಗೆ ಹೋಗಿ, ಆ ಒಂದೂವರೆ ಪುಟವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ನಾನು ಸುಮ್ಮನಿರಬೇಕಿತ್ತು. "ಪರೀಕ್ಷೆ ಹಾಲಿನಲ್ಲಿ ಹೆದರಿ ಮತ್ತೆ ಬಿಗಿ ಹಿಡಿದರೆ ಮಿಸ್? ಟೈಮು ಸಾಲದಿದ್ದರೆ? ಜ್ವರ ಬಂದರೆ?"

"ಲೋ," ಎಂದರು, ದನಿ ತೀರಾ ಸಣ್ಣದಾಗಿತ್ತು, ರೇಗುವುದು ಮಾತ್ರ ಹಾಗೇ ಇತ್ತು. "ಅವಳು ಬರೀತಾಳೆ. ಪರೀಕ್ಷೆ ದಿನ ಬೆಳಗ್ಗೆ ನೀನು ಬಾಯಿ ತೆರೀಬೇಡ. ಪೆನ್ನು ತಗೊಂಡ್ಯಾ, ನೀರು ತಗೊಂಡ್ಯಾ, ಒಂದೂ ಬೇಡ. ನನಗೆ ಮಾತು ಕೊಡು."

ಕೊಟ್ಟೆ. ನಾಲ್ಕನೇ ದಿನ ಮಿಸ್ ಹೋಗಿಬಿಟ್ಟರು. ಚಾಮರಾಜಪೇಟೆಯ ಆ ಬೀದಿಯಲ್ಲಿ ಅಂದು ನಿಂತಿದ್ದವರಲ್ಲಿ ಅರ್ಧ ಜನ ಅವರ ಹತ್ತಿರ ಬೈಸಿಕೊಂಡವರೇ. ಬೈದ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಅಳುತ್ತಿದ್ದರು.

ವಾರ್ಷಿಕ ಪರೀಕ್ಷೆಯಲ್ಲಿ ಮೊದಲನೆಯದು ಕನ್ನಡ. ಆ ಬೆಳಗ್ಗೆ ಮಾತು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ನನ್ನ ಹೆಂಡತಿಗೆ ಗೊತ್ತು. ಬಾಯಿ ತುಂಬ ನೀರು ತುಂಬಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಮಗಳು ಟಾಟಾ ಮಾಡಿ ಹೋದಳು. ಮಧ್ಯಾಹ್ನ ಕುಣಿಯುತ್ತ ಬಂದಳು: "ಎಲ್ಲಾ ಬರೆದೆ ಅಪ್ಪ, ಇನ್ನೂ ಟೈಮ್ ಇತ್ತು!"

ಮೂರನೇ ದಿನ ಶಾಲೆಯಿಂದ ಫೋನು. ಎದೆ ಹಿಡಿದುಕೊಂಡೇ ಹೋದೆ. ಕ್ಲಾಸ್ ಟೀಚರ್ ಮೇಜಿನ ಮೇಲೆ ಒಂದು ಉತ್ತರಪತ್ರಿಕೆ ಇಟ್ಟರು.

"ನಿಮ್ಮ ಮಗಳ ಕನ್ನಡ ಪೇಪರ್ ಸಿಕ್ತಿಲ್ಲ ಸರ್. ಹೆಸರೂ ನಂಬರೂ ಇಲ್ಲದ್ದು ಇದೊಂದಿದೆ. ಆದ್ರೆ ಇದು ಅವಳ ಅಕ್ಷರ ಅಲ್ಲ."

ನೋಡಿದೆ. ಸಾಲು ಸಾಲಿಗೂ ಜಾಗ ಬಿಟ್ಟು, ಯಾವುದೂ ಯಾವುದರ ಮೇಲೂ ಹತ್ತದೆ ಕೂತ ದುಂಡಕ್ಷರ. "ಅವಳದ್ದೇ ಮೇಡಂ," ಎಂದೆ. ಅವರು ನಂಬಲಿಲ್ಲ. ಮಗಳನ್ನು ಕರೆಸಿ, ಎದುರಿಗೆ ಎರಡು ಸಾಲು ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಇಷ್ಟು ಚೆನ್ನಾಗಿ ಬರ್ದಿದೀಯ. ಹೆಸರು ಯಾಕೆ ಪುಟ್ಟಿ ಬರೀಲಿಲ್ಲ?"

ಮಗಳು ನನ್ನ ಕಡೆ ಕೈ ತೋರಿಸಿದಳು.

"ಪ್ರತಿ ಸಲ ಅಪ್ಪ ನೆನಪು ಮಾಡ್ತಿದ್ರು ಮೇಡಂ. ಈ ಸಲ ಏನೂ ಹೇಳಲೇ ಇಲ್ಲ."